ಕ್ಲಬ್ ರೋಯರ್‌ಗಳು ವರ್ಸಸ್ ಟಿವಿ ಮಂದಿ: ಮಜಾ ಬೋಟ್ ರೇಸ್ ನಡೆಸೋದು ಹೇಗೆ

ರೋಯಿಂಗ್ ಕ್ಲಬ್ಬಿನೋರು ಮತ್ತೆ ಟಿವಿಲಿ ದಿನಾ ಕಾಣೋ ಮುಖಗಳು ಒಂದೇ ನೀರಲ್ಲಿ ಪೈಪೋಟಿಗೆ ಇಳೀತಾರೆ ಅಂದ್ರೆ ನೋಡೋಕೆ ಜನ ಬಂದೇ ಬರ್ತಾರೆ, ಒಳ್ಳೆ ಕೆಲಸಕ್ಕೆ ದುಡ್ಡು ಸೇರತ್ತೆ, ಕ್ಲಬ್ಬಿಗೆ ಹೊಸಬ್ರು ಬರ್ತಾರೆ. ಆದ್ರೆ ಸುಮ್ನೆ ಎರಡು ಬೋಟ್ ಪಕ್ಕಪಕ್ಕ ನಿಲ್ಸಿ "ಗೋ" ಅಂದುಬಿಟ್ರೆ ಹತ್ತು ಸ್ಟ್ರೋಕ್ (ಹುಟ್ಟು ಒಂದ್ಸಲ ಎಳೆದ್ರೆ ಒಂದು ಸ್ಟ್ರೋಕ್) ಆಗೋದ್ರೊಳಗೆ ರೇಸ್ ಕಥೆ ಮುಗ್ದಿರತ್ತೆ, ಕ್ಲಬ್‌ನೋರು ಎಲ್ಲೋ ಮುಂದೆ, ಟಿವಿಯವ್ರು ಹುಟ್ಟು ಹುಟ್ಟಿಗೆ ತಾಗಿಸ್ಕೊಂಡು ಎಲ್ಲೋ ಹಿಂದೆ. ಕ್ಲಬ್‌ನೋರು ಬೇಕಂತ ನಿಧಾನ ಮಾಡಿದ್ರೆ ಇನ್ನೂ ಕೆಟ್ಟದ್ದು, ದಡದಲ್ಲಿ ನಿಂತಿರೋ ಚಿಕ್ಕ ಮಗೂಗೂ ಅದು ಗೊತ್ತಾಗಿಬಿಡತ್ತೆ. ಎರಡೂ ಕಡೆಯವ್ರು ನಿಜವಾಗ್ಲೂ ಜೀವ ಬಿಟ್ಟು ಎಳೀಬೇಕು, ಆದ್ರೂ ಕೊನೇ ಐವತ್ತು ಮೀಟರ್‌ನಲ್ಲಿ ಯಾರು ಗೆಲ್ತಾರೆ ಅಂತ ಹೇಳೋಕೆ ಆಗಬಾರ್ದು. ಇಡೀ ತಯಾರಿ ಇದೊಂದಕ್ಕೋಸ್ಕರವೇ ಅಂತ ಇಟ್ಕೊಂಡು ಕೆಲಸ ಶುರು ಮಾಡಿ.

ಮೊದ್ಲು ಜನ

ಟಿವಿ ಕಡೆಯಿಂದ ಯಾರು ಬರ್ತಾರೆ ಅಂತ ಹೆಸರು ಸಿಕ್ಕ ತಕ್ಷಣ ಎರಡು ಪ್ರಶ್ನೆ ಕೇಳಿ. ಈಜು ಬರತ್ತಾ? ಮುಂಚೆ ಯಾವಾಗಾದ್ರೂ ರೋಯಿಂಗ್ ಮಾಡಿದೀರಾ? ಎರಡನೇದು ಯಾಕೆ ಅಂದ್ರೆ, ಟಿವಿಲಿ ಡಾಕ್ಟರ್ ಪಾತ್ರ ಮಾಡಿ ಜಗತ್ತಿಗೆಲ್ಲ ಗೊತ್ತಾದ ಹ್ಯೂ ಲಾರಿ 1980ರಲ್ಲಿ ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಬೋಟ್ ರೇಸ್‌ನಲ್ಲಿ ಕೇಂಬ್ರಿಡ್ಜ್ ಬೋಟಲ್ಲಿ ಕೂತಿದ್ದೋರು, ಅವ್ರ ಅಪ್ಪ ರಾನ್ ಲಾರಿ 1948ರ ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ಚಿನ್ನ ಗೆದ್ದೋರು. ಇತಿಹಾಸದ ಕಾರ್ಯಕ್ರಮ ಮಾಡೋ ಡ್ಯಾನ್ ಸ್ನೋ ಆಮೇಲೆ ಬೇರೆ ವರ್ಷಗಳಲ್ಲಿ ಅದೇ ರೇಸಲ್ಲಿ ಆಕ್ಸ್‌ಫರ್ಡ್ ಪರ ಇದ್ರು. ಇಂಥೋರೊಬ್ರು ನಿಮ್ಮ ಟಿವಿ ಬೋಟಲ್ಲಿ ಇದಾರೆ ಅಂದ್ರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗಾಗತ್ತೆ, ಮೊದ್ಲೇ ಗೊತ್ತಿದ್ರೆ ಅವ್ರನ್ನ ಸ್ಟ್ರೋಕ್ ಸೀಟಲ್ಲಿ, ಅಂದ್ರೆ ಬೋಟಿನ ಹಿಂತುದಿಗೆ ಹತ್ರ ಇರೋ, ತಾಳ ಹಾಕೋ ಸೀಟಲ್ಲಿ ಕೂರಿಸ್ಬೋದು, ಉಳಿದೋರು ಅವ್ರ ಬೆನ್ನು ನೋಡ್ಕೊಂಡು ಅದೇ ತಾಳಕ್ಕೆ ಎಳೀತಾರೆ.

ಈಜಿನ ವಿಷ್ಯದಲ್ಲಿ ಮಾತ್ರ ಯಾರ ಮುಲಾಜೂ ಬೇಡ. ತೊಟ್ಟ ಬಟ್ಟೇಲೇ ಐವತ್ತು ಮೀಟರ್ ಈಜೋಕೆ, ಎರಡು ನಿಮಿಷ ತೇಲ್ಕೊಂಡು ಇರೋಕೆ ಆಗ್ಬೇಕು, ಪೂಲಲ್ಲಿ ಮಾಡಿ ತೋರಿಸ್ಬೇಕು, "ಬರತ್ತೆ ಬಿಡಿ" ಅನ್ನೋ ಮಾತು ಸಾಲಲ್ಲ. ಬರದೇ ಇದ್ರೆ ಅವ್ರಿಗೆ ಕಾಮೆಂಟ್ರಿ ಮೈಕ್ ಕೊಡಿ, ಸ್ಟಾರ್ಟ್ ಬಾವುಟ ಕೊಡಿ, ಬೇಕಾದಷ್ಟು ಕೆಲಸ ಇದೆ.

ಬೋಟ್ ಯಾವ್ದು ತಗೋಬೇಕು

ಒಲಿಂಪಿಕ್ಸಲ್ಲಿ ಕಾಣೋ ಒಬ್ಬರ ಸಿಂಗಲ್ ಬೋಟ್ ನೋಡಿ ಆಸೆ ಪಡೋರು ಇರ್ತಾರೆ, ದಯವಿಟ್ಟು ಬೇಡ. ಅದು ಕೂತ್ಕೊಳೋರ ಸೊಂಟಕ್ಕಿಂತ ಜಾಸ್ತಿ ಅಗಲ ಇರಲ್ಲ, ಹೊಸಬ್ರು ಕೂತ ನಿಮಿಷಕ್ಕೇ ಮಗುಚತ್ತೆ. ಇಬ್ಬರು ಒಂದೊಂದೇ ಹುಟ್ಟು ಹಿಡಿಯೋ ಪೇರ್ ಅಂತೂ ಅನುಭವ ಇರೋರ್ಗೇ ಕಷ್ಟ. ಎಂಟು ಜನರ ಬೋಟ್ ಸ್ಕ್ರೀನ್ ಮೇಲೆ ಭರ್ಜರಿಯಾಗಿ ಕಾಣತ್ತೆ ನಿಜ, ಆದ್ರೆ ಸುಮಾರು 17, 18 ಮೀಟರ್ ಉದ್ದ, ಎಂಟು ಜನ ಟಿವಿ ಮಂದೀನ ಒಂದೇ ಟೈಮಿಗೆ ಪ್ರಾಕ್ಟೀಸ್‌ಗೆ ಕರ್ಸೋದು ಅಂದ್ರೆ ಅದೇ ಒಂದು ಪ್ರಾಜೆಕ್ಟ್ ಆಗತ್ತೆ.

ನನ್ನ ಪ್ರಕಾರ ಸರಿಯಾದ್ದು ಕಾಕ್ಸ್ ಇರೋ ಕ್ವಾಡ್, ಅಂದ್ರೆ ನಾಲ್ಕು ಜನ, ಪ್ರತಿಯೊಬ್ರಿಗೂ ಎರಡೆರಡು ಹುಟ್ಟು, ಹಿಂದೆ ಕೂತು ದಾರಿ ನೋಡ್ಕೊಳೋಕೆ ಒಬ್ರು ಕಾಕ್ಸ್. ಎರಡೂ ಕಡೆ ಹುಟ್ಟು ಇರೋದ್ರಿಂದ ಬ್ಯಾಲೆನ್ಸ್ ಸಿಗತ್ತೆ, ಕಲಿಯೋರಿಗಾಗೇ ಮಾಡಿರೋ ಅಗಲದ ಕ್ವಾಡ್ ಕ್ಲಬ್ಬಲ್ಲಿ ಇದ್ರಂತೂ ಬೇರೆ ಯೋಚ್ನೆನೇ ಬೇಡ. ಟಿವಿ ಬೋಟಿನ ಕಾಕ್ಸ್ ಯಾವಾಗ್ಲೂ ಕ್ಲಬ್ಬಿನ ಅನುಭವಸ್ಥರೇ ಆಗಿರ್ಬೇಕು. ಇಲ್ಲಿ ಒಂದು ಒತ್ತಡ ಬರತ್ತೆ ನೋಡಿ, ಆ್ಯಂಕರ್‌ಗೆ ಒಳ್ಳೆ ಗಂಟಲಿದೆ ಅವ್ರನ್ನೇ ಕಾಕ್ಸ್ ಮಾಡೋಣ ಅಂತಾರೆ. ಕಾಕ್ಸ್ ಕೆಲಸ ಕೂಗೋದು ಮಾತ್ರ ಅಲ್ಲ, ರಡರ್ (ಚುಕ್ಕಾಣಿ) ಹಿಡಿದು ಬೋಟ್ ನೇರ ಇಡೋದು, ಗಾಳಿ ಎಲ್ಲಿಂದ ಬರ್ತಿದೆ ನೋಡೋದು, ಎದುರು ಏನಾದ್ರೂ ಬಂದ್ರೆ ಒಂದೇ ಮಾತಲ್ಲಿ ಬೋಟ್ ನಿಲ್ಸೋದು. ಎಳೆಯೋರೆಲ್ಲ ಹಿಂದಕ್ಕೆ ಮುಖ ಮಾಡಿ ಕೂತಿರ್ತಾರೆ, ಮುಂದೆ ಕಾಣೋದು ಕಾಕ್ಸ್ ಒಬ್ರಿಗೇ, ಆ ಕಣ್ಣು ಹೊಸಬ್ರದ್ದು ಆಗೋ ಹಾಗಿಲ್ಲ.

ಕಲಿಸೋದು: ಕಡಿಮೆ ಕಲ್ಸಿ, ಗಟ್ಟಿಯಾಗಿ ಕಲ್ಸಿ

ಮೊದಲ ಕ್ಲಾಸ್ ರೋಯಿಂಗ್ ಮಷೀನ್ ಮೇಲೆ. ಕಾಲು, ಆಮೇಲೆ ಬೆನ್ನು, ಆಮೇಲೆ ಕೈ. ವಾಪಸ್ ಬರೋವಾಗ ಕೈ, ಬೆನ್ನು, ಕಾಲು. ಇಷ್ಟೇ ಪಾಠ. ಜಿಮ್ಮಿಗೆ ಹೋಗೋ ನಟರು ಬಂದ ತಕ್ಷಣ ಡ್ಯಾಂಪರ್ (ಮಷೀನ್ ಎಷ್ಟು ಭಾರ ಅನ್ಸ್ಬೇಕು ಅಂತ ಹೊಂದಿಸೋ ಲಿವರ್) ಹತ್ತಕ್ಕೆ ಏರಿಸಿ ತೋಳಲ್ಲಿ ಎಳೆಯೋಕೆ ಶುರು ಮಾಡ್ತಾರೆ, ಅದನ್ನ ಮೂರಕ್ಕೋ ನಾಲ್ಕಕ್ಕೋ ಇಳಿಸಿ, ಜೋರೆಲ್ಲ ಕಾಲಿಂದ ಬರ್ಬೇಕು ಅನ್ನೋದು ಅವ್ರಿಗೆ ಮೈಯಲ್ಲೇ ಗೊತ್ತಾಗೋ ತನಕ ಬೋಟ್ ಹತ್ತಿಸ್ಬೇಡಿ.

ಬೋಟ್ ಹತ್ತೋದನ್ನೇ ಒಂದು ಪಾಠ ಮಾಡಿ, ಆತುರ ಬೇಡ. ಬೋಟಿನ ತಳ ತುಂಬ ತೆಳು, ಕಾಲಿಡೋಕೆ ಅಂತ ಒಂದು ಗಟ್ಟಿ ಜಾಗ ಇರತ್ತೆ, ಅದು ಬಿಟ್ಟು ಬೇರೆಲ್ಲಾದ್ರೂ ಕಾಲಿಟ್ರೆ ತಳ ತೂತಾಗಿ ಕಾಲು ನೀರಲ್ಲಿರತ್ತೆ. ಎರಡೂ ಹುಟ್ಟಿನ ಹಿಡಿ ನೀರಿನ ಕಡೆ ಕೈಯಲ್ಲಿ ಒಟ್ಟಿಗೆ ಹಿಡ್ಕೊಂಡು ಆ ಜಾಗಕ್ಕೆ ಒಂದು ಕಾಲಿಟ್ಟು ನಿಧಾನಕ್ಕೆ ಸೀಟಿಗೆ ಇಳೀಬೇಕು. ಕೂತ ಮೇಲೂ ಆ ಹಿಡಿಗಳನ್ನ ಬಿಡೋ ಹಾಗಿಲ್ಲ, ಯಾಕಂದ್ರೆ ಸರ್ಕಸ್ಸಲ್ಲಿ ಹಗ್ಗದ ಮೇಲೆ ನಡೆಯೋರ ಕೈಲಿರೋ ಕೋಲಿನ ಥರ ಬೋಟನ್ನ ನೆಟ್ಟಗೆ ಹಿಡಿದಿರೋದು ಆ ಹುಟ್ಟುಗಳೇ. ಟಿವಿ ಮಂದಿ ಮಾಡೋ ಮೊದಲ ತಪ್ಪು ಇದೇ, ದಡದಲ್ಲಿ ಯಾರೋ ಹೆಸರು ಹಿಡಿದು ಕೂಗಿದ್ರು ಅಂತ ಎರಡೂ ಕೈ ಎತ್ತಿ ಬೀಸ್ತಾರೆ, ಅಭ್ಯಾಸಬಲ, ಪಾಪ. "ಬೋಟಲ್ಲಿ ಇರೋ ತನಕ ಕೈ ಬೀಸೋ ಹಾಗಿಲ್ಲ, ನಗು ಮಾತ್ರ" ಅಂತ ಮೊದಲ ದಿನಾನೇ ರೂಲ್ ಹಾಕ್ಬಿಡಿ.

ನೀರಲ್ಲಿ ಮೊದ್ಲು ಇಬ್ಬರೇ ಎಳೀಲಿ, ಇನ್ನಿಬ್ರು ಹುಟ್ಟಿನ ತುದೀಲಿರೋ ಅಗಲ ಹಲಗೆ, ಅಂದ್ರೆ ಬ್ಲೇಡ್‌ನ ನೀರಿನ ಮೇಲೆ ಚಪ್ಪಟೆಯಾಗಿ ಇಟ್ಟು ಬೋಟ್ ಅಲ್ಲಾಡದ ಹಾಗೆ ಹಿಡ್ಕೊಂಡಿರ್ಲಿ, ಆಮೇಲೆ ಜೋಡಿ ಬದಲಾಯಿಸಿ, ಕೊನೆಗೆ ನಾಲ್ಕೂ ಜನ. ಫೆದರ್ ಮಾಡೋದು, ಅಂದ್ರೆ ಪ್ರತಿ ಸ್ಟ್ರೋಕಿಗೂ ಮಣಿಕಟ್ಟು ತಿರುಗಿಸಿ ಬ್ಲೇಡ್ ಮಲಗಿಸೋದು, ಇದನ್ನ ನಾನಾಗಿದ್ರೆ ಕಲ್ಸೋದೇ ಇಲ್ಲ. ನೋಡೋಕೆ ಚೆಂದ, ಆದ್ರೆ ಹೊಸಬ್ರು ಅರ್ಧ ತಿರುಗಿಸಿ ಬ್ಲೇಡ್ ಓರೆಯಾಗಿ ನೀರಿಗೆ ಹಾಕ್ತಾರೆ, ಅದು ಒಳಕ್ಕೆ ಎಳ್ಕೊಂಡು ಹೋಗಿ ಸಿಕ್ಕಾಕೊಳತ್ತೆ, ರೋಯಿಂಗ್‌ನೋರು ಇದಕ್ಕೆ ಕ್ರ್ಯಾಬ್ ಹಿಡಿಯೋದು ಅಂತಾರೆ. ಬ್ಲೇಡ್ ನೆಟ್ಟಗೇ ಇಟ್ಕೊಂಡು ಎಳೆದ್ರೆ ಸ್ವಲ್ಪ ನಿಧಾನ ಆದ್ರೂ ಕ್ರ್ಯಾಬ್ ಕಡಿಮೆ ಆಗತ್ತೆ. ಕ್ರ್ಯಾಬ್ ಆಗೇ ಆಯ್ತು ಅಂದ್ರೆ ಹಿಡಿ ಜೊತೆ ಕುಸ್ತಿ ಮಾಡ್ಬೇಡಿ, ಕಾಕ್ಸ್ "ಈಸಿ ಆಲ್" ಅಂತಾರೆ, ಎಲ್ರೂ ಎಳೆಯೋದು ನಿಲ್ಸಿ, ಬೋಟಿನ ಸ್ಪೀಡ್ ಇಳಿದ್ಮೇಲೆ ಬ್ಲೇಡ್ ಹೊರಗೆ ತಗೊಂಡು ಮತ್ತೆ ಶುರು ಮಾಡಿ.

ಕಮಾಂಡ್‌ಗಳೂ ಅಷ್ಟೇ, ಮೂರೇ ಸಾಕು: ಗೋ, ಈಸಿ ಆಲ್, ಹೋಲ್ಡ್ ವಾಟರ್. ಕೊನೇದು ಬ್ರೇಕ್ ಇದ್ದ ಹಾಗೆ, ಬ್ಲೇಡ್ ನೀರೊಳಗೆ ನೆಟ್ಟಗೆ ಇಟ್ಟು ತಡೆಯೋದು. ಇದನ್ನ ಮಾತ್ರ ನಿದ್ದೆಗಣ್ಣಲ್ಲಿ ಕೂಗಿದ್ರೂ ಮಾಡೋ ಹಾಗೆ ಅಭ್ಯಾಸ ಮಾಡ್ಸಿ.

ಇನ್ನು ಸಣ್ಣ ಸಣ್ಣ ವಿಷ್ಯ, ಆದ್ರೆ ಯಾರೂ ಹೇಳಲ್ಲ. ಎರಡು ಹುಟ್ಟು ಎಳೆಯೋವಾಗ ಹಿಡಿಗಳು ಮಧ್ಯದಲ್ಲಿ ಒಂದರ ಮೇಲೊಂದು ದಾಟ್ತವೆ, ಸಾಮಾನ್ಯವಾಗಿ ಎಡಗೈ ಮೇಲೆ ಬಲಗೈ ಕೆಳಗೆ, ಹೊಸಬ್ರದ್ದು ಒಂದು ಕೈಯಿನ ಉಗುರು ಇನ್ನೊಂದು ಕೈಯಿನ ಗೆಣ್ಣು ಕಿತ್ತು ರಕ್ತ ಬರೋದು ಮಾಮೂಲು. ಶೂಟಿಂಗ್‌ಗೆ ಅಂತ ಉದ್ದ ಉಗುರು ಬಿಟ್ಟಿರೋರಿಗೆ ವಾರ ಮೊದ್ಲೇ ಹೇಳಿ ಕತ್ತರಿಸ್ಕೊಳೋಕೆ, ಉಂಗುರ ಬಳೆ ಎಲ್ಲ ದಡದಲ್ಲೇ ಬಿಚ್ಚಿಡ್ಲಿ. ಸಡಿಲ ಟೀ ಶರ್ಟ್ ಬೇಡ, ಹಿಂದೆ ಜೋತಾಡೋ ತುದಿ ಸೀಟಿನ ಚಕ್ರಕ್ಕೆ ಸಿಕ್ಕೊಳತ್ತೆ, ಮುಂದಿನ ಜೇಬಿಗೆ ಹುಟ್ಟಿನ ಹಿಡಿ ಸಿಕ್ಕೊಳತ್ತೆ. ಚಾನೆಲ್‌ನೋರು ಕಳ್ಸೋ ದೊಗಳೆ ಜೆರ್ಸೀನ ಫೋಟೋಗೆ ಹಾಕೊಂಡು ಆಮೇಲೆ ತೆಗೆದುಬಿಡ್ಲಿ.

ಸಮಬಲ ಮಾಡೋ ಲೆಕ್ಕ

ಇದೇ ಇಡೀ ರೇಸಿನ ಜೀವ, ಸ್ವಲ್ಪ ನಿಧಾನಕ್ಕೆ ಓದಿ. ಒಲಿಂಪಿಕ್ ರೇಸ್ ಅಂದ್ರೆ ಸಾಮಾನ್ಯವಾಗಿ 2000 ಮೀಟರ್, ಅದು ನಮ್ಗೆ ಬೇಡ್ವೇ ಬೇಡ, ಹೊಸಬ್ರು ಅಷ್ಟು ದೂರ ಹೋಗೋದ್ರಲ್ಲಿ ನೋಡೋರು ಮನೆಗೆ ಹೋಗಿರ್ತಾರೆ. ಟಿವಿಯವ್ರಿಗೆ 300 ಮೀಟರ್ ಸಾಕು, ದಡದಲ್ಲಿ ನಿಂತೋರಿಗೆ ಶುರುವಿಂದ ಕೊನೇವರೆಗೂ ಕಾಣತ್ತೆ.

ಹ್ಯಾಂಡಿಕ್ಯಾಪ್, ಅಂದ್ರೆ ಹೊಸಬ್ರಿಗೆ ಕೊಡೋ ಮುನ್ನಡೆ, ಎರಡು ಥರ ಕೊಡ್ಬೋದು. ಒಂದು, ಟಿವಿ ಬೋಟ್ ಮೊದ್ಲು ಬಿಟ್ಟು ಕ್ಲಬ್ ಬೋಟನ್ನ ಕೆಲವು ಸೆಕೆಂಡ್ ಕಾಯಿಸೋದು. ಇನ್ನೊಂದು, ಎರಡೂ ಒಟ್ಟಿಗೇ ಬಿಡೋದು, ಆದ್ರೆ ಕ್ಲಬ್‌ನೋರ ಸ್ಟಾರ್ಟ್ ಲೈನ್ ಹಿಂದೆ ಇಡೋದು. ನನಗೆ ಎರಡನೇದೇ ಇಷ್ಟ, ಒಂದೇ ಬಾವುಟಕ್ಕೆ ಎರಡೂ ಬೋಟ್ ಚಿಮ್ಮೋದು ನೋಡೋಕೂ ಚೆನ್ನ, ನೋಡೋರಿಗೂ ಗೊಂದಲ ಇಲ್ಲ, ಯಾರು ಮೊದ್ಲು ಲೈನ್ ದಾಟ್ತಾರೋ ಅವ್ರೇ ಗೆದ್ದಂಗೆ, ಆಮೇಲೆ ಸೆಕೆಂಡ್ ಕಳೆಯೋ ಲೆಕ್ಕ ಯಾರ ತಲೇಗೂ ಬೇಡ.

ಎಷ್ಟು ಹಿಂದೆ ಇಡೋದು ಅಂತ ಅಂದಾಜಲ್ಲಿ ಹೇಳ್ಬೇಡಿ, ಅಳೀರಿ. ಕೊನೇ ಪ್ರಾಕ್ಟೀಸ್ ದಿನ ಟಿವಿ ಬೋಟನ್ನ ನಿಂತಲ್ಲಿಂದ 300 ಮೀಟರ್ ಪೂರ್ತಿ ಜೋರಲ್ಲಿ ಓಡ್ಸಿ ಟೈಮ್ ಬರ್ಕೊಳಿ, ಉದಾಹರಣೆಗೆ 1 ನಿಮಿಷ 50 ಸೆಕೆಂಡ್ ಅಂತ ಇಟ್ಕೊಳಿ. ಅದೇ ಗಾಳೀಲಿ, ಅದೇ ದಿಕ್ಕಲ್ಲಿ ಕ್ಲಬ್ ಬೋಟನ್ನ ಸರಿಯಾಗಿ 1 ನಿಮಿಷ 50 ಸೆಕೆಂಡ್ ಓಡ್ಸಿ ಎಲ್ಲಿಗೆ ಮುಟ್ತು ನೋಡಿ. 500 ಮೀಟರ್ ಮುಟ್ಟಿದ್ರೆ ಕ್ಲಬ್‌ನೋರ ಸ್ಟಾರ್ಟ್ ಟಿವಿಯವ್ರಿಗಿಂತ 200 ಮೀಟರ್ ಹಿಂದೆ. ಅಷ್ಟೇ, ಬೇರೆ ಸೂತ್ರ ಬೇಕಾಗಿಲ್ಲ. ಇದ್ರ ಮೇಲೆ ಒಂದು ಹತ್ತು ಮೀಟರ್ ಟಿವಿಯವ್ರಿಗೆ ಜಾಸ್ತಿ ಕೊಡಿ, ರೇಸ್ ದಿನ ಗಾಬರೀಲಿ ಒಂದು ಕ್ರ್ಯಾಬ್ ಆದ್ರೂ ಆಗೇ ಆಗತ್ತೆ.

ಜಾಗ ಅಷ್ಟು ಉದ್ದ ಇಲ್ಲ ಅಂದ್ರೆ ಇನ್ನೊಂದು ಉಪಾಯ ಇದೆ, ಕ್ಲಬ್‌ನೋರೇ ಟ್ರೈನಿಂಗಲ್ಲಿ ಮಾಡೋದು, ಬೋಟಿನ ಹೊಟ್ಟೆ ಸುತ್ತ ಒಂದು ದಪ್ಪ ಎಲಾಸ್ಟಿಕ್ ಹಗ್ಗ ಕಟ್ಟೋದು. ನೀರು ಅದಕ್ಕೆ ತಡೆದು ಬೋಟ್ ಭಾರ ಅನ್ಸತ್ತೆ, ರೋಯರ್‌ಗಳು ಪ್ರಾಮಾಣಿಕವಾಗಿ ಎಳೆದ್ರೂ ಸ್ಪೀಡ್ ಕಡಿಮೆ ಆಗತ್ತೆ. ಕಟ್ಟೋ ಹಗ್ಗ ರಡರ್‌ಗೆ ತಾಗದ ಹಾಗೆ ನೋಡ್ಕೊಳಿ.

ಒಂದೇ ರೇಸ್‌ಗೆ ಎಲ್ಲಾ ಮುಗಿಸ್ಬೇಡಿ, ಮೂರರಲ್ಲಿ ಎರಡು ಗೆದ್ದೋರು ಅಂತ ಇಡಿ. ಮೊದಲನೇದು ಯಾರೋ ಸುಲಭವಾಗಿ ಗೆದ್ರೆ ಸ್ಟಾರ್ಟ್ ಲೈನ್ ಇಪ್ಪತ್ತು ಮೀಟರ್ ಆಕಡೆ ಈಕಡೆ ಸರಿಸಿ, ಲೇನ್ ಅದಲು ಬದಲು ಮಾಡಿ. ಎರಡನೇ ರೇಸ್ ಹೊತ್ತಿಗೆ ಹೊಸಬ್ರ ಗಾಬರಿ ಇಳಿದಿರತ್ತೆ, ನಿಜವಾದ ಜಿದ್ದಾಜಿದ್ದಿ ಆಗ ಬರತ್ತೆ.

ಕ್ಯಾಮೆರಾ ಎಲ್ಲಿಡೋದು

ರೋಯಿಂಗ್‌ನ ಒಂದು ವಿಶೇಷ ಏನಂದ್ರೆ ಮುಂದೆ ಇರೋ ಬೋಟಿನೋರಿಗೆ ಹಿಂದಿನ ಬೋಟ್ ಕಾಣತ್ತೆ, ಹಿಂದಿರೋರಿಗೆ ಎದುರಾಳಿ ಕಾಣಲ್ಲ. ಹ್ಯಾಂಡಿಕ್ಯಾಪ್ ರೇಸಲ್ಲಿ ಇದ್ರ ಮಜಾನೇ ಬೇರೆ, ಟಿವಿಯವ್ರು ಹಿಂದಕ್ಕೆ ಮುಖ ಮಾಡಿ ಎಳೀತಾ ಇರ್ತಾರೆ, ಮೊದ್ಲು ದೂರದಲ್ಲಿ ಒಂದು ಚುಕ್ಕಿ, ಆಮೇಲೆ ನಾಲ್ಕು ಬೆನ್ನು ಒಂದೇ ತಾಳದಲ್ಲಿ ಬಾಗಿ ಏಳ್ತಾ ದೊಡ್ಡದಾಗ್ತಾ ಬರ್ತವೆ. ಆಗ ಅವ್ರ ಮುಖದಲ್ಲಿ ಏನಾಗತ್ತೆ ಅನ್ನೋದೇ ನಿಮ್ಮ ಪ್ರೋಗ್ರಾಮ್. ಹಾಗಾಗಿ ಒಳ್ಳೆ ಕ್ಯಾಮೆರಾ ಒಂದೇ ಇದ್ರೆ ಅದನ್ನ ಟಿವಿ ಬೋಟಿನ ಕಾಕ್ಸ್ ಎದೆಗೋ ತಲೆಗೋ ಕಟ್ಟಿ, ಸ್ಟ್ರೋಕ್ ಸೀಟಿನೋರ ಮುಖ ಎರಡಡಿ ದೂರದಲ್ಲಿ ಸಿಗತ್ತೆ. ಕಾಕ್ಸ್ ಮುಂದಕ್ಕೆ ನೋಡ್ತಿರ್ತಾರಲ್ವಾ, ಹಿಂದೆ ಬರ್ತಿರೋ ಬೋಟ್ ಅವ್ರಿಗೆ ಕಾಣಲ್ಲ, "ಎಷ್ಟು ಹತ್ರ ಬಂದ್ರು?" ಅಂತ ಸ್ಟ್ರೋಕ್ ಸೀಟಿನೋರನ್ನೇ ಕೇಳ್ತಾರೆ, ಏದುಸಿರಲ್ಲಿ ಬರೋ ಆ ಉತ್ತರ ಸ್ಕ್ರಿಪ್ಟಲ್ಲಿ ಬರೆಯೋಕೆ ಆಗಲ್ಲ.

ಮೈಕ್ ಕಾಲರ್ ಹತ್ರ ಹಾಕಿ, ಹೊಟ್ಟೆ ಮೇಲೆ ಅಲ್ಲ, ಪ್ರತಿ ಸ್ಟ್ರೋಕ್ ಕೊನೇಲಿ ಹುಟ್ಟಿನ ಹಿಡಿ ಅಲ್ಲಿಗೇ ಬರತ್ತೆ. ಟ್ರಾನ್ಸ್‌ಮಿಟರ್‌ನ ನೀರು ಹೋಗದ ಚೀಲದಲ್ಲಿ ಹಾಕಿ ಬೆನ್ನ ಕಡೆ ಕಟ್ಟಿ. ಕಾಕ್ಸ್ ಮಾತು ಎಲ್ರಿಗೂ ಕೇಳ್ಸೋಕೆ ಕಾಕ್ಸ್ ಬಾಕ್ಸ್ ಇದ್ದೇ ಇರತ್ತೆ, ಸ್ಟ್ರೋಕ್ ರೇಟೂ ಅದ್ರಲ್ಲೇ ಕಾಣತ್ತೆ. ಹೊಸಬ್ರಿಗೆ ನಿಮಿಷಕ್ಕೆ 24, 26 ದಾಟಿಸ್ಬೇಡಿ, ಅದಕ್ಕಿಂತ ಜಾಸ್ತಿ ಮಾಡೋಕೆ ಹೋದ್ರೆ ತಾಳ ತಪ್ಪಿ ಬೋಟ್ ನಿಧಾನವೇ ಆಗತ್ತೆ.

ಡೈರೆಕ್ಟರ್ ಜೊತೆ ಒಂದು ಜಗಳ ಗ್ಯಾರಂಟಿ, ಕ್ಯಾಮೆರಾ ಇರೋ ಮೋಟಾರ್ ಬೋಟ್ ಪಕ್ಕದಲ್ಲೇ ಬರ್ಲಿ ಅಂತಾರೆ. ಬಿಡ್ಬೇಡಿ. ಮೋಟಾರ್ ಬೋಟಿನ ಅಲೆ ಈ ತೆಳು ಬೋಟಿಗೆ ಅಡ್ಡ ಬಡಿದ್ರೆ ನೀರು ಒಳಗೆ ಬರತ್ತೆ, ಬ್ಯಾಲೆನ್ಸ್ ಹೋಗತ್ತೆ. ಅಂಪೈರ್ ಲಾಂಚ್ (ಅಂಪೈರ್ ಕೂರೋ ಮೋಟಾರ್ ಬೋಟ್) ಹೇಗೆ ಹಿಂದೆ ಬರತ್ತೋ ಕ್ಯಾಮೆರಾನೂ ಹಾಗೇ ಹಿಂದೆ ಇರ್ಲಿ, ಸಾಧ್ಯ ಆದ್ರೆ ಒಂದೇ ಲಾಂಚಲ್ಲಿ ಇಬ್ರೂ. ಉಳಿದಿದ್ದಕ್ಕೆ ದಡದಿಂದ ಜೂಮ್ ಇದೆ, ಡ್ರೋನ್ ಇದೆ, ಡ್ರೋನೂ ತಲೆ ಮೇಲೆ ಬೇಡ, ಪಕ್ಕದಲ್ಲಿ ಎತ್ತರದಲ್ಲಿ ಇರ್ಲಿ.

ಸೇಫ್ಟಿ

ಮಜಾ ರೇಸ್ ಅಂದ ಮಾತ್ರಕ್ಕೆ ನೀರು ಮೆತ್ತಗಾಗಲ್ಲ. ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ರೇಸ್ ಶುರುವಾಗಿದ್ದು 1829ರಲ್ಲಿ, ತಿಂಗಳುಗಟ್ಲೆ ತಯಾರಾಗಿ ಬರೋ ಆ ತಂಡಗಳ ಬೋಟ್‌ಗಳೇ 1912ರಲ್ಲಿ ಕೆಟ್ಟ ಹವಾಮಾನಕ್ಕೆ ಎರಡೂ ಮುಳುಗಿ ರೇಸ್ ಮತ್ತೆ ನಡೆಸ್ಬೇಕಾಯ್ತು. ನೀರ ಮೇಲೆ ಬಿಳಿ ನೊರೆ ತಲೆ ಎತ್ತಿದ್ರೆ ಆವತ್ತು ರೇಸ್ ಇಲ್ಲ. ಗುಡುಗು ಕೇಳಿದ್ರೆ ಎಲ್ರೂ ದಡಕ್ಕೆ, ಕೊನೇ ಗುಡುಗಾಗಿ ಅರ್ಧ ಗಂಟೆ ಆಗೋ ತನಕ ಮತ್ತೆ ಇಳಿಯೋ ಹಾಗಿಲ್ಲ. ಲೈವ್ ಟೈಮ್ ಬುಕ್ ಆಗಿದೆ, ಸ್ಪಾನ್ಸರ್ ಕಾಯ್ತಿದಾರೆ ಅಂತ ಯಾರೋ ಹೇಳ್ತಾರೆ, ಅದಕ್ಕೇ ರದ್ದು ಮಾಡೋ ಅಧಿಕಾರ ಒಬ್ರಿಗೇ ಕೊಡಿ, ಅವ್ರು ಕ್ಲಬ್ಬಿನ ಸೇಫ್ಟಿ ನೋಡ್ಕೊಳೋರೇ ಆಗಿರ್ಲಿ, ಚಾನೆಲ್‌ನೋರಲ್ಲ, ಇದನ್ನ ಒಪ್ಪಂದದಲ್ಲೇ ಬರೆದಿಡಿ. ಇನ್ಶೂರೆನ್ಸ್ ಪೇಪರೂ ಅದೇ ಫೈಲಲ್ಲಿ ಇರ್ಲಿ, ಬೋಟಿಗೂ ಜನಕ್ಕೂ.

ಮಗುಚಿದ್ರೆ ಏನು ಮಾಡೋದು ಅಂತ ಪೂಲಲ್ಲಿ ಅಥವಾ ದಡದ ಹತ್ರ ಒಮ್ಮೆ ಮಾಡಿಸ್ಲೇಬೇಕು. ಶೂಗಳು ಬೋಟಿಗೇ ಫಿಕ್ಸ್ ಆಗಿರ್ತವೆ, ಕೈ ಹಾಕದೆ ಕಾಲು ಎಳ್ಕೊಳೋಕೆ ಬರೋ ಹಾಗೆ ಶೂ ಹಿಮ್ಮಡಿಗೆ ಒಂದು ಗಿಡ್ಡ ದಾರ ಕಟ್ಟಿರ್ತಾರೆ, ಹಿಮ್ಮಡಿ ಸ್ವಲ್ಪ ಮಾತ್ರ ಏಳತ್ತೆ, ಕಾಲು ಜಾರಿ ಹೊರಗೆ ಬರತ್ತೆ. ಪ್ರತಿ ಸೀಟಲ್ಲೂ ಆ ದಾರ ಇದೆಯಾ, ಗಟ್ಟಿ ಇದೆಯಾ, ರೇಸ್ ಬೆಳಿಗ್ಗೆ ಎಳೆದು ನೋಡಿ. ಬೋಟಿನ ಮೂತಿಗೆ ಬಿಳಿ ರಬ್ಬರ್ ಚೆಂಡು ಇರತ್ತಲ್ಲ, ಬೋ ಬಾಲ್, ಅದೂ ಅಲ್ಲಾಡದ ಹಾಗೆ ಕೂತಿರ್ಬೇಕು, ಹೊಸಬ್ರ ಬೋಟ್ ಯಾರ ಬೆನ್ನಿಗಾದ್ರೂ ಹೋದ್ರೆ ಅದೇ ಕಾಪಾಡೋದು. ನೀರಿಗೆ ಬಿದ್ರೆ ಬೋಟ್ ಬಿಟ್ಟು ಈಜ್ಕೊಂಡು ಹೋಗ್ಬಾರ್ದು, ಬೋಟ್ ತೇಲತ್ತೆ, ಅದನ್ನ ಹಿಡ್ಕೊಂಡೇ ಇರಿ, ರೆಸ್ಕ್ಯೂ ಲಾಂಚ್ ಬರತ್ತೆ. ಆ ಲಾಂಚಲ್ಲಿ ಎಸೆಯೋ ಹಗ್ಗದ ಚೀಲ, ಚಾಕು, ಕಂಬಳಿ, ಒಬ್ರು ಫಸ್ಟ್ ಏಡ್ ಗೊತ್ತಿರೋರು. ನೀರು 15 ಡಿಗ್ರಿಗಿಂತ ತಣ್ಣಗಿದ್ರೆ ಬಿದ್ದ ತಕ್ಷಣ ಉಸಿರು ಕಟ್ಟಿದಂಗಾಗತ್ತೆ, ಒಳ್ಳೆ ಈಜುಗಾರರಿಗೂ, ಅಂಥ ಸೀಸನ್‌ನಲ್ಲಿ ಈ ರೇಸ್ ಇಟ್ಕೊಳ್ಳೋದೇ ಬೇಡ.

ರೇಸ್ ದಿನ

ಸ್ಟಾರ್ಟಲ್ಲಿ ಬೋಟ್ ನೇರ ನಿಲ್ಸೋದಕ್ಕೆ ಟೈಮ್ ಹಿಡಿಯತ್ತೆ, ಗಾಳಿ ತಳ್ತಾ ಇರತ್ತೆ, ಹಾಗಾಗಿ ಪ್ರತಿ ರೇಸಿಗೆ ಹತ್ತು ಹದಿನೈದು ನಿಮಿಷ ಇಟ್ಕೊಳಿ, ಆ ಗ್ಯಾಪಲ್ಲಿ ಕಾಮೆಂಟೇಟರ್ ಜನರಿಗೆ ಬೋಟ್ ಬಗ್ಗೆ, ಸೀಟ್‌ಗಳ ಬಗ್ಗೆ ಹೇಳ್ಲಿ. ಸ್ಟಾರ್ಟರ್ "ಅಟೆನ್ಶನ್" ಅಂದು, ಒಂದು ಕ್ಷಣ ಬಿಟ್ಟು "ಗೋ" ಅಂತ ಬಾವುಟ ಇಳಿಸ್ಬೇಕು, ಎರಡು ಸ್ಟಾರ್ಟ್ ಲೈನ್ ದೂರ ಇರೋದ್ರಿಂದ ದೊಡ್ಡ ಬಾವುಟವೇ ಬೇಕು, ಜೊತೆಗೆ ಹಾರ್ನ್. ಟಿವಿಯವ್ರಿಗೆ ಹೇಳಿ, ಮೊದಲ ಐದು ಸ್ಟ್ರೋಕ್ ಗಿಡ್ಡವಾಗಿ, ಮೆತ್ತಗೆ, ಒಟ್ಟಿಗೆ. ಜೋರು ಆಮೇಲೆ. ಮೊದಲ ಸ್ಟ್ರೋಕಲ್ಲೇ ಪೂರ್ತಿ ಎಳೆಯೋಕೆ ಹೋಗಿ ಕ್ರ್ಯಾಬ್ ಆದ್ರೆ ಕೊಟ್ಟ ಲೀಡ್ ಅಲ್ಲೇ ಕರಗಿಹೋಗತ್ತೆ.

ಫಿನಿಶಲ್ಲಿ ಲೆಕ್ಕಕ್ಕೆ ಬರೋದು ಬೋ ಬಾಲ್ ಯಾವ್ದು ಮೊದ್ಲು ಲೈನ್ ದಾಟ್ತು ಅನ್ನೋದು ಮಾತ್ರ. ಲೈನಿನ ನೇರಕ್ಕೆ ಒಂದು ಫೋನನ್ನ ಸ್ಟ್ಯಾಂಡಿಗೆ ಹಾಕಿ ಸ್ಲೋ ಮೋಷನ್ ರೆಕಾರ್ಡಿಂಗ್ ಇಡಿ, ಲೆಕ್ಕ ಚೆನ್ನಾಗಿ ಮಾಡಿದ್ರೆ ಅದು ಬೇಕಾಗೇ ಬೇಕಾಗತ್ತೆ. ಅದ್ರಲ್ಲೂ ಗೊತ್ತಾಗ್ಲಿಲ್ಲ ಅಂದ್ರೆ ಸಮ ಅಂತ ಧೈರ್ಯವಾಗಿ ಹೇಳಿ, 1877ರಲ್ಲಿ ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ರೇಸೇ ಡೆಡ್ ಹೀಟ್ ಅಂತ ಮುಗಿದಿತ್ತು.

ಗೆದ್ದ ಮೇಲೆ ಕಾಕ್ಸನ್ನ ನೀರಿಗೆ ಎಸೆಯೋ ಹಳೇ ಸಂಪ್ರದಾಯ ಇದೆ, ಕ್ಯಾಮೆರಾ ಮುಂದೆ ಎಲ್ರೂ ಅದನ್ನೇ ಕಾಯ್ತಿರ್ತಾರೆ. ಮಾಡಿ, ಆದ್ರೆ ಆ ಜಾಗದಲ್ಲಿ ಆಳ ಎಷ್ಟಿದೆ, ಕೆಳಗೆ ಕಲ್ಲು ಕಂಬ ಇದೆಯಾ ಅಂತ ಬೆಳಿಗ್ಗೇನೇ ನೋಡಿರ್ಬೇಕು, ಕಾಕ್ಸ್ ಒಪ್ಪಿರ್ಬೇಕು, ಮೈಕ್ ಕ್ಯಾಮೆರಾ ಬಿಚ್ಚಿರ್ಬೇಕು.

ಬಹುಮಾನ ಕೊಟ್ಟು ಫೋಟೋ ತೆಗ್ದಾದ್ಮೇಲೆ ಟಿವಿಯವ್ರು ಕಾರ್ ಹತ್ತಕ್ಕಿಂತ ಮುಂಚೆ ಎರಡೂ ತಂಡ ಸೇರಿ ಬೋಟ್ ಎತ್ಕೊಂಡು ಹೋಗಿ ತೊಳೆದು ಒರೆಸಿ ರ‍್ಯಾಕಿಗೆ ಇಡ್ಲಿ, ಕ್ಲಬ್ಬಲ್ಲಿ ಯಾರೇ ಆದ್ರೂ ಇದನ್ನ ಮಾಡೇ ಮಾಡ್ತಾರೆ, ಬಂದೋರ ಮಾತು ಸಲೀಸಾಗಿ ಹರಿಯೋದೂ ಈ ಕೆಲಸದ ಹೊತ್ತಲ್ಲೇ. ಗೇಟ್ ಹತ್ರ ಒಂದು ಮೇಜು ಹಾಕಿ ಹೊಸಬ್ರಿಗೆ ರೋಯಿಂಗ್ ಕಲ್ಸೋ ಬ್ಯಾಚಿನ ಫಾರ್ಮ್ ಇಟ್ಕೊಂಡು ಒಬ್ರು ಕೂತಿರಿ, ಮೊದಲ ಕ್ಲಾಸಿನ ತಾರೀಕು ಆ ಫಾರ್ಮ್ ಮೇಲೇ ಬರೆದಿರ್ಬೇಕು, "ಆಮೇಲೆ ತಿಳಿಸ್ತೀವಿ" ಅಂದ್ರೆ ಅರ್ಧ ಜನ ಮರೆತೇಹೋಗ್ತಾರೆ.